ಫೋನಿಗೆ ಸಾಫ್ಟ್‌ವೇರ್ ಹಾಕಿಸುವ ಮುನ್ನ

ಯಾದಗಿರಿ, ಶಹಾಪುರ, ಸುರಪುರ—ಈ ಮೂರು ಊರುಗಳಲ್ಲಿ ಯಾವ ಮೊಬೈಲ್ ದುರಸ್ತಿ ಅಂಗಡಿಯ ಮುಂದೆ ತುಸು ಹೊತ್ತು ನಿಂತರೂ ಒಂದು ಮಾತು ಕಿವಿಗೆ ಬೀಳದೆ ಇರದು: "ಲೋಗೋ ಮ್ಯಾಲ ನಿಂತದ್ರಿ, ಸಾಫ್ಟ್‌ವೇರ್ ಹಾಕಬೇಕಾಗ್ತದ." ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಡೇಟಾ ಎಲ್ಲಾ ಹೋಗ್ತದ, ನಡೀತದಲ್ಲ?" ಫೋನು ಕೆಟ್ಟ ಚಿಂತೆಯಲ್ಲಿರುವ ಗಿರಾಕಿ "ನಡೀತದ, ಹಾಕ್ರಿ" ಎಂದುಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಫೋನು ಜೀವ ತಾಳುತ್ತದೆ, ಹೊಸದರಂತೆ ಥಳಥಳಿಸುತ್ತದೆ. ಮನೆಗೆ ಬಂದ ಮೇಲೆ ಹೋದುದರ ಲೆಕ್ಕ ಆರಂಭವಾಗುತ್ತದೆ. ಹೊಲದ ಪಹಣಿಯ ಚಿತ್ರ ಹೋಯಿತು. ಅದಕ್ಕೇನು, ನಾಡಕಚೇರಿಯಲ್ಲಿ ಮತ್ತೆ ತೆಗೆಸಬಹುದು. ಮಗಳ ಅಂಕಪಟ್ಟಿಯ ಚಿತ್ರ ಹೋಯಿತು, ಮೂಲಪತ್ರ ಪೆಟ್ಟಿಗೆಯಲ್ಲಿದೆ. ಆದರೆ ಹೋದ ವರ್ಷ ತೀರಿಕೊಂಡ ಅಜ್ಜಿ ಗುಳೆ ಹೋದ ಮೊಮ್ಮಗನಿಗೆಂದು ವಾಟ್ಸಾಪಿನಲ್ಲಿ ಆಡಿ ಕಳಿಸಿದ ನಾಲ್ಕು ಮಾತು? ಅದಕ್ಕೆ ಯಾವ ಕಚೇರಿಯೂ ಇಲ್ಲ.

ಈ ನಷ್ಟ ಬಹುಮಟ್ಟಿಗೆ ತಪ್ಪಿಸಬಹುದಾದದ್ದು. ಅಂಗಡಿಯವನನ್ನು ದೂರಿ ಪ್ರಯೋಜನವಿಲ್ಲ; ಅವನು ಕೇಳಿಯೇ ಕೇಳುತ್ತಾನೆ, ನಾವೇ ಯೋಚಿಸದೆ ಒಪ್ಪುತ್ತೇವೆ. ಏನನ್ನು ಒಪ್ಪುತ್ತಿದ್ದೇವೆಂಬುದು ತಿಳಿಯಬೇಕಾದರೆ, ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಆತ ಮಾಡುವ ಕೆಲಸವೇನು, ಅದರ ಸಲಕರಣೆಗಳು ಯಾವುವು, ಅವು ಯಾವುದನ್ನು ಉಳಿಸಬಲ್ಲವು, ಯಾವುದನ್ನು ಉಳಿಸಲಾರವು ಎಂಬುದನ್ನು ತುಸು ನೋಡಬೇಕು.

ನಿಮ್ಮ ಮನೆಯ ರೇಡಿಯೋದಿಂದಲೇ ಆರಂಭಿಸೋಣ. ಹಳೆಯ ವಾಲ್ವ್ ಸೆಟ್ಟಿನ ಸ್ವಭಾವವೆಲ್ಲ ಅದರ ತಂತಿ, ಕಾಯಿಲು, ಕಂಡೆನ್ಸರುಗಳಲ್ಲಿ ಬೆಸೆದುಹೋಗಿತ್ತು. ವಾಲ್ವು ಸುಟ್ಟರೆ ಬೇರೆ ವಾಲ್ವು ಹಾಕಿದರಾಯಿತು. ದುರಸ್ತಿಗೆ ಹೋದ ಸೆಟ್ಟು ಮನೆಗೆ ಮರಳಿದಾಗ ಯಾವುದನ್ನೂ ಮರೆತಿರುತ್ತಿರಲಿಲ್ಲ. ನೆನಪಿಟ್ಟುಕೊಳ್ಳುವ ಗುಣವೇ ಅದಕ್ಕಿರಲಿಲ್ಲವಷ್ಟೆ. ಸ್ಮಾರ್ಟ್‌ಫೋನು ಹಾಗಲ್ಲ. ಅದರಲ್ಲಿ ಅರ್ಧ ಭಾಗ ಲೋಹ, ಗಾಜು, ಸಿಲಿಕಾನು, ಇನ್ನರ್ಧ ಬರಹ. ಪರದೆ ಹೇಗೆ ಬೆಳಗಬೇಕು, ಕ್ಯಾಮರಾ ಹೇಗೆ ತೆರೆಯಬೇಕು, ಗೋಪುರದೊಡನೆ ಹೇಗೆ ಮಾತನಾಡಬೇಕು—ಇವೆಲ್ಲ ಆದೇಶಗಳ ರೂಪದಲ್ಲಿ ಅದರೊಳಗೆ ಬರೆದಿಟ್ಟಿವೆ. ಈ ಬರಹಕ್ಕೆ ಫರ್ಮ್‌ವೇರ್ ಎಂದು ಹೆಸರು.

ಬರಹ ಇರುವ ಹಲಗೆಗೆ ಫ್ಲ್ಯಾಶ್ ಮೆಮೊರಿ ಎನ್ನುತ್ತಾರೆ. ಇದನ್ನು ಕಂಡುಹಿಡಿದವರು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುವೋಕಾ. 1984ರಲ್ಲಿ ಅವರು ಇದನ್ನು ವಿದ್ವತ್ಸಭೆಯ ಮುಂದಿಟ್ಟರು. ಅಳಿಸುವ ಕೆಲಸ ಕ್ಯಾಮರಾದ ಫ್ಲ್ಯಾಶಿನಂತೆ ಒಮ್ಮೆಗೇ ಆಗುವುದರಿಂದ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ. ಹೆಸರು ಬಂದದ್ದು ಬರೆಯುವುದರಿಂದಲ್ಲ, ಅಳಿಸುವುದರಿಂದ ಎಂಬುದನ್ನು ಗಮನಿಸಿ. ಶಾಲೆಯ ಪಾಟಿಯ ಮೇಲೆ ಒಂದೇ ಅಕ್ಷರವನ್ನು ಬೆರಳಿನಿಂದ ಒರೆಸಿ ತಿದ್ದಬಹುದು. ಈ ಹಲಗೆಯಲ್ಲಿ ಅದು ಆಗದು. ಒಂದು ಕಟ್ಟನ್ನು ಪೂರ್ತಿ ಒರೆಸಿಯೇ ಮತ್ತೆ ಬರೆಯಬೇಕು. ಆದುದರಿಂದ ಫೋನನ್ನು ಫ್ಲ್ಯಾಶ್ ಮಾಡುವುದೆಂದರೆ ಮೊದಲು ಅಳಿಸುವುದು, ಆಮೇಲೆ ಬರೆಯುವುದು.

ಎಲ್ಲವನ್ನೂ ಅಳಿಸಬೇಕೇ? ಇಲ್ಲ. ಇಲ್ಲಿಯೇ ಮುಖ್ಯವಾದ ಮಾತು ಇರುವುದು. ಹಳೆಯ ವಾಡೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊರಬಾಗಿಲಲ್ಲಿ ಕಾವಲುಗಾರ, ಒಳಗೆ ಪಡಸಾಲೆ, ಅದರಾಚೆ ಕಣಜ, ಗೋಡೆಯೊಳಗೆ ಬಾಗಿಲುಳ್ಳ ಒಂದು ಸಣ್ಣ ಗೂಡು. ಫೋನಿನ ಸ್ಮರಣೆಯೂ ಹೀಗೆಯೇ ಕೋಣೆಗಳಾಗಿ ಹಂಚಿಕೊಂಡಿದೆ. ಬೂಟ್‌ಲೋಡರ್ ಎಂಬುದು ಬಾಗಿಲ ಕಾವಲುಗಾರ. ಗುಂಡಿ ಒತ್ತಿದೊಡನೆ ಎಚ್ಚರಾಗುವವನು ಅವನೇ, ಒಳಗೆ ಬರುವವರ ಗುರುತು ಪರೀಕ್ಷಿಸುವವನೂ ಅವನೇ. ಸಿಸ್ಟಂ ಎಂಬುದು ಪಡಸಾಲೆ; ಆಂಡ್ರಾಯ್ಡ್ ಇರುವುದು ಅಲ್ಲಿ. ಯೂಸರ್ ಡೇಟಾ ಎಂಬುದು ಕಣಜ. ನಿಮ್ಮ ಚಿತ್ರ, ಮಾತು, ಪತ್ರಗಳೆಲ್ಲ ಅಲ್ಲಿ. ಇನ್ನು ಆ ಗೋಡೆಯ ಗೂಡು. ಸ್ಯಾಮ್‌ಸಂಗ್ ಫೋನುಗಳಲ್ಲಿ ಅದನ್ನು ಇ.ಎಫ್.ಎಸ್. ಎಂದೂ ಮೀಡಿಯಾಟೆಕ್ ಚಿಪ್ಪಿನ ಫೋನುಗಳಲ್ಲಿ ಎನ್.ವಿ.ರ‍್ಯಾಮ್ ಎಂದೂ ಕರೆಯುತ್ತಾರೆ. ಕೆಲವೇ ಎಂ.ಬಿ. ಅಳತೆಯ ಈ ಗೂಡಿನಲ್ಲಿ ಫೋನಿನ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ, ವೈಫೈ ವಿಳಾಸ, ಕಾರ್ಖಾನೆಯಲ್ಲಿ ಆ ಒಂದು ಫೋನಿಗಾಗಿಯೇ ಅಳೆದು ಕೂಡಿಸಿದ ರೇಡಿಯೋ ಹೊಂದಾಣಿಕೆಯ ಅಂಕಿಗಳು ಇರುತ್ತವೆ. ರೇಡಿಯೋ ಸೆಟ್ಟಿನ ಕಾಯಿಲುಗಳನ್ನು ಅಲೈನ್ ಮಾಡಿ ಮೇಣದಿಂದ ಮುಚ್ಚುತ್ತಿದ್ದರಲ್ಲ, ಅದೇ ಬಗೆಯ ಕೆಲಸ.

ಪಡಸಾಲೆ ಮತ್ತೆ ಸಿಗುತ್ತದೆ. ಕಣಜವೂ ಗೂಡೂ ಸಿಗುವುದಿಲ್ಲ. ಈ ಭೇದವನ್ನು ತಿಳಿಸಲು ನಮ್ಮ ಸೀಮೆಯದೇ ಒಂದು ನಿದರ್ಶನವುಂಟು. ಯಾದಗಿರಿಯಿಂದ ಬಹಳ ದೂರವಿಲ್ಲದ, ಭೀಮಾನದಿಯ ದಂಡೆಯ ಸನ್ನತಿಯನ್ನು ನಿಮ್ಮಲ್ಲಿ ಅನೇಕರು ಕಂಡಿರಬೇಕು. ಅಲ್ಲಿಯ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿಯ ಅಡಿಗಿದ್ದ ಕಲ್ಲು ಅಶೋಕನ ಶಾಸನವೆಂಬುದು ಆಗ ಬೆಳಕಿಗೆ ಬಂದಿತು. ಯಾವುದೋ ಕಾಲದಲ್ಲಿ ಆ ಬರಹದ ಕಲ್ಲನ್ನು ಪೀಠವಾಗಿ ಬಳಸಿ, ಮೂರ್ತಿಯನ್ನು ನೆಡಲು ನಡುವೆ ಕುಳಿ ಕೊರೆದಿದ್ದರು. ಕುಳಿಯಿದ್ದ ಕಡೆಯ ಅಕ್ಷರಗಳು ಹೋಗಿದ್ದವು. ಆದರೂ ಹೋದ ಮಾತು ಯಾವುದೆಂದು ತಿಳಿಯಲು ವಿದ್ವಾಂಸರಿಗೆ ಆಧಾರವುಂಟು, ಏಕೆಂದರೆ ಆ ಧರ್ಮಲಿಪಿಗಳ ಪಾಠ ಒಡಿಶಾದ ಧೌಲಿಯೇ ಮೊದಲಾದ ಕಡೆಗಳಲ್ಲಿಯೂ ಬಂಡೆಯ ಮೇಲಿದೆ. ಅದೇ, ಒಂದು ಹಳ್ಳಿಯ ಅಗಸಿಯಲ್ಲಿ ನಿಂತ ವೀರಗಲ್ಲಿನ ಸಾಲು ಸವೆದುಹೋದರೆ ಯಾವ ಊರಿಗೆ ಹೋಗಿ ನೋಡುವುದು? ಫರ್ಮ್‌ವೇರ್ ಎಂಬುದು ಅಶೋಕನ ಶಾಸನದಂತೆ; ಅದೇ ಮಾದರಿಯ ಲಕ್ಷಾಂತರ ಫೋನುಗಳಲ್ಲಿ ಅದೇ ಪಾಠ ಇರುತ್ತದೆ. ಕಣಜವೂ ಗೂಡೂ ವೀರಗಲ್ಲಿನಂತೆ, ಇರುವುದು ಒಂದೇ ಪ್ರತಿ.

ಫೋನು ಕೆಡದೆಯೂ ಫ್ಲ್ಯಾಶ್ ಮಾಡಿಕೊಂಡವರಿದ್ದಾರೆ. ಅದರಲ್ಲಿ ಕನ್ನಡದ ಪಾಲೂ ಉಂಟು. ಆಂಡ್ರಾಯ್ಡಿನ ಮೊದಮೊದಲ ಆವೃತ್ತಿಗಳಲ್ಲಿ ಕನ್ನಡ ಬರಹ ಬಂದರೆ ಪರದೆಯ ಮೇಲೆ ಬರಿಯ ಚೌಕಗಳು ಕಾಣುತ್ತಿದ್ದವು. ಉತ್ಸಾಹಿಗಳು ಫೋನಿನ ಬೀಗ ಮುರಿದು ಸಿಸ್ಟಂ ಕೋಣೆಯೊಳಗೆ ಕನ್ನಡ ಅಕ್ಷರಶೈಲಿಯನ್ನು ತುರುಕಿದರು. ಚೌಕಗಳು ಹೋಗಿ ಅಕ್ಷರಗಳೇನೋ ಬಂದವು, ಆದರೆ ಒತ್ತಕ್ಷರಗಳು ತಮ್ಮ ಜಾಗಕ್ಕೆ ಬರದೆ ಪಕ್ಕದಲ್ಲಿ ಅಡ್ಡಾದಿಡ್ಡಿ ನಿಂತವು. ಅಕ್ಷರಗಳನ್ನು ಕೂಡಿಸುವ ಯಂತ್ರಭಾಗವೇ ಆ ಫೋನುಗಳಲ್ಲಿ ಕನ್ನಡಕ್ಕೆ ಸಿದ್ಧವಾಗಿರಲಿಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲೆಯಾಳಗಳಿಗೆ ನೆಲೆ ಕೊಟ್ಟಿತು. ಹಳೆಯ ಫೋನುಗಳಿಗೆ ಆ ಆವೃತ್ತಿಯನ್ನು ಕಂಪನಿಗಳು ಕೊಡದೆ ಹೋದಾಗ, ಸಯನೋಜೆನ್‌ಮಾಡ್ ಎಂಬ ಬಳಗ ಅದನ್ನೇ ಆಧರಿಸಿ ಕಟ್ಟಿದ ಹತ್ತನೆಯ ಆವೃತ್ತಿಯನ್ನು ತಾವಾಗಿ ಹಾಕಿಕೊಂಡರೆ ಹಳೆಯ ಫೋನಿನಲ್ಲಿಯೂ ಒತ್ತಕ್ಷರ ನೆಟ್ಟಗೆ ಕೂರುವ ಸಂಭವವಿತ್ತು. ಆ ಬಳಗ 2016ರ ಕೊನೆಯಲ್ಲಿ ಮುಚ್ಚಿತು. ಅದರ ಕೆಲಸವನ್ನು ಲಿನಿಯೇಜ್ ಓ.ಎಸ್. ಎಂಬ ಹೆಸರಿನಲ್ಲಿ ಇತರರು ಮುಂದುವರಿಸಿದ್ದಾರೆ. ತಾಯ್ನುಡಿ ಓದಲಿಕ್ಕಾಗಿ ಫೋನಿನ ಪ್ರಾಣವನ್ನೇ ಪಣಕ್ಕೊಡ್ಡುವ ಕಾಲ ಈಗ ಹೋಯಿತು, ಒಳ್ಳೆಯದೇ ಆಯಿತು.

ಇನ್ನು ಸಲಕರಣೆಗಳು. ಇವೆಲ್ಲ ಕಂಪ್ಯೂಟರಿನಲ್ಲಿ ಓಡುವ ಸಣ್ಣ ಕಾರ್ಯಕ್ರಮಗಳು, ಫೋನು ಯು.ಎಸ್.ಬಿ. ತಂತಿಯ ತುದಿಯಲ್ಲಿ ಅರೆನಿದ್ರೆಯಲ್ಲಿರುತ್ತದೆ. ಗೂಗಲ್ ಎಲ್ಲರಿಗೂ ಉಚಿತವಾಗಿ ಕೊಡುವವು ಎ.ಡಿ.ಬಿ. ಮತ್ತು ಫಾಸ್ಟ್‌ಬೂಟ್. ಮೊದಲನೆಯದು ಎಚ್ಚರವಿರುವ ಫೋನಿನೊಡನೆ ಮಾತನಾಡಿ ಕಡತಗಳನ್ನು ಹೊರತೆಗೆಯಬಲ್ಲುದು. ಎರಡನೆಯದು ಕಾವಲುಗಾರನೊಡನೆಯೇ ಮಾತನಾಡಿ ಕೋಣೆಗಳಲ್ಲಿ ಬರೆಯಬಲ್ಲುದು. ಆದರೆ ಫಾಸ್ಟ್‌ಬೂಟಿನಿಂದ ಬರೆಯಬೇಕಾದರೆ ಸಾಮಾನ್ಯವಾಗಿ ಬೂಟ್‌ಲೋಡರಿನ ಬೀಗ ತೆಗೆಯಬೇಕು. ಬೀಗ ತೆಗೆದೊಡನೆ ಕಣಜ ತಾನಾಗಿ ಖಾಲಿಯಾಗುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಕದ್ದವನು ತನ್ನ ಸಿಸ್ಟಂ ಹಾಕಿಕೊಂಡು ನಿಮ್ಮ ಪತ್ರಗಳನ್ನು ಓದಬಾರದಲ್ಲವೇ? ಬೀಗ ತೆಗೆಯಲು ಕೆಲವು ಕಂಪನಿಗಳು ದಿನಗಟ್ಟಲೆ ಕಾಯಿಸುತ್ತವೆ, ಕೆಲವು ಬಿಡುವುದೇ ಇಲ್ಲ.

ಸ್ಯಾಮ್‌ಸಂಗಿನ ಸಲಕರಣೆಗೆ ಓಡಿನ್ ಎಂದು ಹೆಸರು. ಹೊರಗಿನವರು ಅದಕ್ಕೆ ಬದಲಾಗಿ ಮಾಡಿದ ಮುಕ್ತ ಸಲಕರಣೆ ಹೈಮ್‌ಡಾಲ್. ಎರಡೂ ಉತ್ತರ ಯುರೋಪಿನ ಪುರಾಣದ ದೇವರುಗಳು. ದುರಸ್ತಿ ಅಂಗಡಿಯ ಮೇಜಿನ ಮೇಲೆ ಅವರಿಗೆ ಹೀಗೆ ಪೂಜೆ ಸಲ್ಲುತ್ತಿದೆ. ಓಡಿನ್‌ನಲ್ಲಿ ಫರ್ಮ್‌ವೇರನ್ನು ನಾಲ್ಕು ಕಟ್ಟುಗಳಾಗಿ ತುಂಬುತ್ತಾರೆ. ಕೊನೆಯದು ಸಿ.ಎಸ್.ಸಿ. ಎಂಬ ಕಟ್ಟು, ಅದರಲ್ಲಿ ಎರಡು ಬಗೆ. ಬರಿಯ ಸಿ.ಎಸ್.ಸಿ. ಹಾಕಿದರೆ ಕಣಜ ಖಾಲಿ. ಹೋಮ್ ಸಿ.ಎಸ್.ಸಿ. ಹಾಕಿದರೆ ಕಣಜವನ್ನು ಮುಟ್ಟದೆ ಪಡಸಾಲೆಯನ್ನಷ್ಟೇ ಹೊಸದು ಮಾಡುವ ಪ್ರಯತ್ನ ನಡೆಯುತ್ತದೆ. ಎರಡೂ ಒಂದೇ ಪೊಟ್ಟಣದಲ್ಲಿ ಬರುತ್ತವೆ! ಆಯ್ಕೆ ಮೌಸಿನ ಒಂದು ಒತ್ತಿನಲ್ಲಿದೆ. ಐಫೋನಿನಲ್ಲಿಯೂ ಇದೇ ಕವಲು: ಕಂಪ್ಯೂಟರಿಗೆ ಜೋಡಿಸಿದಾಗ ಅಪ್‌ಡೇಟ್, ರಿಸ್ಟೋರ್ ಎಂದು ಎರಡು ಗುಂಡಿಗಳು ಕಾಣುತ್ತವೆ. ಮೊದಲನೆಯದು ನಿಮ್ಮ ವಸ್ತುಗಳನ್ನು ಉಳಿಸಿಕೊಂಡು ತಂತ್ರಾಂಶ ಹಾಕಲು ಯತ್ನಿಸುತ್ತದೆ, ಎರಡನೆಯದು ಒರೆಸಿ ಹಾಕುತ್ತದೆ.

ತೈವಾನಿನ ಮೀಡಿಯಾಟೆಕ್ ಚಿಪ್ಪುಳ್ಳ ಕಡಿಮೆ ಬೆಲೆಯ ಫೋನುಗಳು ನಮ್ಮ ಮಾರುಕಟ್ಟೆಯಲ್ಲಿ ಹೇರಳ. ಅವುಗಳಿಗೆ ಎಸ್.ಪಿ. ಫ್ಲ್ಯಾಶ್ ಟೂಲ್ ಎಂಬ ಸಲಕರಣೆಯುಂಟು; ಕ್ವಾಲ್‌ಕಾಮ್ ಚಿಪ್ಪುಗಳಿಗೆ ಕ್ಯು.ಎಫ್.ಐ.ಎಲ್. ಇದೆ. ಎಸ್.ಪಿ. ಫ್ಲ್ಯಾಶ್ ಟೂಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ದೊಡ್ಡ ಅನಾಹುತ ಆಗುವುದು ಅಲ್ಲಿ. ಮೊದಲು ಸ್ಕ್ಯಾಟರ್ ಎಂಬ ಒಂದು ಕಡತವನ್ನು ತೋರಿಸಬೇಕು. ಅದು ವಾಡೆಯ ನಕ್ಷೆ, ಯಾವ ಕೋಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೇಳುತ್ತದೆ. ಕೂಡಲೇ ಕೋಣೆಗಳ ಪಟ್ಟಿ ತೆರೆದು, ಪ್ರತಿಯೊಂದರ ಮುಂದೆ ಗುರುತು ಹಾಕುವ ಸಣ್ಣ ಚೌಕ ಕಾಣುತ್ತದೆ. ಮೇಲ್ಗಡೆ ಕೆಲಸದ ಬಗೆಯನ್ನು ಆರಿಸಬೇಕು. "ಡೌನ್‌ಲೋಡ್ ಓನ್ಲಿ" ಎಂದರೆ ಗುರುತು ಹಾಕಿದ ಕೋಣೆಗಳಲ್ಲಿ ಮಾತ್ರ ಬರೆಯುವುದು. ಯೂಸರ್ ಡೇಟಾದ ಮುಂದಿನ ಗುರುತನ್ನು ತೆಗೆದರೆ ಕಣಜಕ್ಕೆ ಕೈಯಿಡುವುದಿಲ್ಲ. "ಫಾರ್ಮ್ಯಾಟ್ ಆಲ್ ಪ್ಲಸ್ ಡೌನ್‌ಲೋಡ್" ಎಂದರೆ ವಾಡೆಯನ್ನೇ ನೆಲಸಮ ಮಾಡಿ ಹೊಸದಾಗಿ ಕಟ್ಟುವುದು. ಆಗ ಕಣಜದೊಡನೆ ಗೋಡೆಯ ಗೂಡೂ ಹೋಗುತ್ತದೆ. ಫೋನು ತೆರೆಯುತ್ತದೆ, ಪರದೆ ಬೆಳಗುತ್ತದೆ, ಎಲ್ಲವೂ ಸರಿಯಾಗಿದೆಯೆಂದು ತೋರುತ್ತದೆ. ಆದರೆ ಸಿಮ್ ಹಾಕಿದರೆ ಸಿಗ್ನಲ್ ಇಲ್ಲ. *#06# ಒತ್ತಿ ನೋಡಿದರೆ ಸಂಖ್ಯೆಯ ಜಾಗ ಬರಿದು.

ಹಾಗಾದ ಫೋನಿಗೆ ಯಾವುದೋ ಬೇರೆ ಫೋನಿನ ಸಂಖ್ಯೆಯನ್ನು ತುಂಬಿ ಸಿಗ್ನಲ್ ತರಿಸಿಕೊಡುವವರು ಉಂಟು. ದಯವಿಟ್ಟು ಅದಕ್ಕೆ ಒಪ್ಪಬೇಡಿ. 2023ರ ದೂರಸಂಪರ್ಕ ಅಧಿನಿಯಮದ ಪ್ರಕಾರ ಇಂಥ ಗುರುತುಗಳನ್ನು ತಿದ್ದುವುದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಉಂಟು. ಕಳೆದ ಫೋನನ್ನು ತಡೆಹಿಡಿಯುವ ಸಿ.ಇ.ಐ.ಆರ್. ಎಂಬ ಕೇಂದ್ರ ಸರಕಾರದ ವ್ಯವಸ್ಥೆ 2023ರ ಮೇ ತಿಂಗಳಿನಿಂದ ದೇಶಕ್ಕೆಲ್ಲ ತೆರೆದಿದೆ. ಅದು ನಡೆಯುವುದು ಈ 15 ಅಂಕಿಗಳ ಆಧಾರದ ಮೇಲೆಯೇ. ಸಂಖ್ಯೆಯನ್ನು ಇಂದೇ ಬರೆದಿಡಿ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ ಬರುತ್ತವೆ. ಗೂಡನ್ನು ಉಳಿಸಿಕೊಳ್ಳುವ ದಾರಿಯೂ ಇದೆ: ಎಸ್.ಪಿ. ಫ್ಲ್ಯಾಶ್ ಟೂಲಿನಲ್ಲಿಯೇ "ರೀಡ್ ಬ್ಯಾಕ್" ಎಂಬ ವಿಭಾಗವಿದ್ದು, ಅದರಿಂದ ಎನ್.ವಿ.ರ‍್ಯಾಮ್ ಕೋಣೆಯನ್ನು ಹೇಗಿದೆಯೋ ಹಾಗೆ ಕಂಪ್ಯೂಟರಿಗೆ ಓದಿಕೊಳ್ಳಬಹುದು. ಅಳಿಸುವ ಮೊದಲು ಮಾಡಿದರೆ ಕೆಲವೇ ನಿಮಿಷಗಳ ಕೆಲಸ; ಆಮೇಲೆ ಓದಲು ಅಲ್ಲಿ ಏನೂ ಇರುವುದಿಲ್ಲ.

ಬ್ಯಾಕಪ್ ಎಂಬ ಒಂದೇ ಮಾತಿನಲ್ಲಿ ಎಷ್ಟು ಬೇರೆ ಬೇರೆ ಅರ್ಥಗಳು ಸೇರಿವೆ ನೋಡಿ. ಅಂಗಡಿಯವನು ಫರ್ಮ್‌ವೇರಿನ ಬ್ಯಾಕಪ್ ತೆಗೆದಿದ್ದೇನೆ ಎಂದರೆ ಅದರಲ್ಲಿ ನಿಮ್ಮ ಅಜ್ಜಿಯ ಧ್ವನಿ ಇರಬೇಕೆಂದಿಲ್ಲ. ಬಲ್ಲವರು ಬಳಸುವ ಟಿ.ಡಬ್ಲ್ಯು.ಆರ್.ಪಿ. ಎಂಬ ಸಲಕರಣೆಯುಂಟು, ಅದು ಫೋನಿನ ಪೂರ್ತಿ ಪ್ರತಿ ತೆಗೆಯುತ್ತದೆಂದು ಹೆಸರಾಗಿದೆ. ಆದರೆ ಅದರ ಡೇಟಾ ಪ್ರತಿಯಲ್ಲಿ ಒಳಸಂಗ್ರಹದ ಚಿತ್ರಗಳೂ ಹಾಡುಗಳೂ ಸೇರುವುದಿಲ್ಲ. ಎ.ಡಿ.ಬಿ.ಯಲ್ಲಿದ್ದ ಬ್ಯಾಕಪ್ ಆಜ್ಞೆಯನ್ನು ಆಂಡ್ರಾಯ್ಡ್ 12ರಿಂದ ಬಹುಪಾಲು ಕುಗ್ಗಿಸಲಾಗಿದೆ. ಆದುದರಿಂದ ಮನೆಯವರಿಗೆ ನಂಬಬಹುದಾದ ದಾರಿ ತೀರ ಸಾದಾ ದಾರಿಯೇ: ಫೋನು ಚೆನ್ನಾಗಿರುವಾಗ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಪರದೆಯ ಮೇಲೆ "ಫೈಲ್ ಟ್ರಾನ್ಸ್‌ಫರ್" ಆರಿಸಿ, ಡಿ.ಸಿ.ಐ.ಎಂ. ಎಂಬ ಚಿತ್ರಗಳ ಕಡತಕೋಶವನ್ನೂ ವಾಟ್ಸಾಪಿನ ಕಡತಕೋಶವನ್ನೂ ನಕಲು ಮಾಡುವುದು. ಧ್ವನಿಸಂದೇಶಗಳು ವಾಟ್ಸಾಪಿನದರೊಳಗೆ ವಾಯ್ಸ್ ನೋಟ್ಸ್ ಎಂಬ ಹೆಸರಿನಲ್ಲಿ ಬೇರೆಯಾಗಿಯೇ ಇರುತ್ತವೆ. ಕಂಪ್ಯೂಟರ್ ಇಲ್ಲದವರು ಓ.ಟಿ.ಜಿ. ಪೆನ್‌ಡ್ರೈವಿನಿಂದ ಈ ಕೆಲಸ ಮಾಡಬಹುದು.

"ಫೋನು ಸತ್ತ ಮೇಲೆ ಚಿಪ್ಪು ಕಿತ್ತು ತೆಗೆಯಲಾಗದೇ?" ಎಂದು ಕೇಳುವವರುಂಟು. ಹಳೆಯ ಫೋನುಗಳಲ್ಲಿ ಆಗುತ್ತಿತ್ತು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದೀಚೆಗೆ ಆ ಆವೃತ್ತಿಯೊಡನೆ ಹೊರಡುವ ಹೊಸ ಫೋನುಗಳಲ್ಲೆಲ್ಲ ಕಣಜವನ್ನು ಗೂಢಲಿಪಿಯಲ್ಲಿಡುವುದು ಕಡ್ಡಾಯ. ಅದರ ಕೀಲಿ ಅದೇ ಫೋನಿನ ಚಿಪ್ಪಿಗೂ ನಿಮ್ಮ ಪಿನ್ನಿಗೂ ಕಟ್ಟುಬಿದ್ದಿದೆ. ಕಿತ್ತು ತೆಗೆದರೂ ಸಿಗುವುದು ಓದಲಾಗದ ಗೋಜಲು. ಸ್ಪರ್ಶ ಮಾತ್ರ ಕೆಟ್ಟು ಪರದೆ ಕಾಣುತ್ತಿದ್ದರೆ ಬೇರೆ ಮಾತು, ಓ.ಟಿ.ಜಿ. ತಂತಿಯಿಂದ ಕಂಪ್ಯೂಟರಿನ ಮೌಸನ್ನು ಫೋನಿಗೆ ಜೋಡಿಸಿದರೆ ಬಾಣದ ಗುರುತು ಕಾಣಿಸಿಕೊಂಡು, ಪಿನ್ ಒತ್ತಿ ಒಳಗೆ ಹೋಗಲು ಬಹಳ ಸಲ ಸಾಧ್ಯವಾಗುತ್ತದೆ.

ಮನೆಯಲ್ಲಿಯೇ ಫ್ಲ್ಯಾಶ್ ಮಾಡಲು ಹೊರಡುವ ಕಾಲೇಜು ಹುಡುಗರಿಗೆ ಎರಡು ಮಾತು. ಬರೆಯುವ ನಡುವೆ ಕರೆಂಟು ಹೋದರೆ ಕಾವಲುಗಾರನೇ ಅರ್ಧ ಬರೆದು ನಿಂತುಹೋಗಬಹುದು. ನಮ್ಮ ಊರುಗಳ ಬೇಸಿಗೆಯಲ್ಲಿ ಇದು ಬರಿಯ ಊಹೆಯಲ್ಲ. ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿನಲ್ಲಿ ಮಾಡಿ, ಬರಿಯ ಮೇಜಿನ ಕಂಪ್ಯೂಟರಿನಲ್ಲಿ ಬೇಡ. ಫೋನಿನ ಬ್ಯಾಟರಿಯೂ ಅರ್ಧಕ್ಕಿಂತ ಮೇಲಿರಲಿ. ಚಾರ್ಜಿಗಷ್ಟೇ ಆಗುವ ಅಗ್ಗದ ತಂತಿಗಳು ಕಡತಗಳನ್ನು ಸಾಗಿಸುವುದಿಲ್ಲ. ಫರ್ಮ್‌ವೇರು ನಿಮ್ಮ ಮಾದರಿ ಸಂಖ್ಯೆಯದೇ ಆಗಿರಬೇಕು, ಹೆಸರು ಒಂದೇ ಆದರೆ ಸಾಲದು. ಈಗ ಇರುವುದಕ್ಕಿಂತ ಹಳೆಯ ಆವೃತ್ತಿಯನ್ನು ಹಾಕಲು ಹೋದರೆ ಕೆಲವು ಫೋನುಗಳು ಏಳುವುದೇ ಇಲ್ಲ, ಹಿಂದಕ್ಕೆ ಹೋಗದಂತೆ ಅವುಗಳಲ್ಲಿ ತಡೆಯಿದೆ. ಬೀಗ ತೆಗೆದ ಫೋನಿನಲ್ಲಿ ಅನೇಕ ಬ್ಯಾಂಕುಗಳ ಆ್ಯಪ್‌ಗಳು ತೆರೆಯಲು ನಿರಾಕರಿಸುತ್ತವೆಂಬುದನ್ನೂ ಮನೆಯ ಹಿರಿಯರಿಗೆ ಮೊದಲೇ ಹೇಳಿ. ಎರಡು ಮಾತು ಎಂದು ನಾಲ್ಕಾರು ಹೇಳಿದ್ದಾಯಿತು.

ಇನ್ನು ಮುಂದೆ ಅಂಗಡಿಯಲ್ಲಿ "ಡೇಟಾ ಹೋಗ್ತದ, ನಡೀತದಲ್ಲ?" ಎಂಬ ಪ್ರಶ್ನೆ ಬಂದಾಗ ನೀವೂ ಒಂದು ಪ್ರಶ್ನೆ ಕೇಳಿ: "ಯೂಸರ್ ಡೇಟಾ ಬಿಟ್ಟು ಹಾಕಲಿಕ್ಕೆ ಆಗ್ತದೇನ್ರಿ? ಮೊದಲು ಹಾಗೆ ಒಮ್ಮೆ ನೋಡ್ರಿ." ಲೋಗೋದ ಮೇಲೆ ನಿಂತ ಎಲ್ಲ ಫೋನುಗಳೂ ಈ ದಾರಿಯಲ್ಲಿ ಏಳುವುದಿಲ್ಲ, ಕಣಜವೇ ಕೆಟ್ಟಿದ್ದರೆ ಆಗದು. ಸಿಸ್ಟಂ ಮಾತ್ರ ಕೆಟ್ಟಿದ್ದು, ಅದೇ ಆವೃತ್ತಿಯ ಫರ್ಮ್‌ವೇರ್ ಸಿಕ್ಕರೆ ಎದ್ದಾವು. ಏಳದಿದ್ದರೆ ಒರೆಸಿ ಹಾಕುವುದು ಇದ್ದೇ ಇದೆ. ಫೋನು ಎದ್ದಿತೆನ್ನಿ, ಅಲ್ಲಿಯೇ ನಿಂತು ಬೇಕಾದುದನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಪ್ರತಿ ಉಳಿದಿದ್ದರೆ ಅಳಿಸಲು ಹೇಳಿ. ಮನೆಗೆ ಬಂದು ಪೆನ್‌ಡ್ರೈವನ್ನು ಬೇರೊಂದು ಫೋನಿಗೋ ಕಂಪ್ಯೂಟರಿಗೋ ಹಾಕಿ, ಎರಡು ಚಿತ್ರ, ಒಂದು ಧ್ವನಿ ತೆರೆದು ನೋಡಿರಿ. ನಕಲಾದಂತೆ ಕಂಡು ತೆರೆಯದೆ ಹೋಗುವ ಕಡತಗಳೂ ಉಂಟು. ಆಮೇಲೆ ಅದಕ್ಕೆ ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ, ಐ.ಎಂ.ಇ.ಐ. ಬರೆದ ಕಾಗದದ ಜೊತೆಗೆ ಮನೆಪತ್ರಗಳಿರುವ ಕಪಾಟಿನಲ್ಲಿಡಬಹುದು.